ರೈಲಿಗಿಂತ ಐದು ವರ್ಷ ಮೊದಲೇ ಪಟ್ಟಿ ಸಿದ್ಧವಾಗಿತ್ತು

2022ರ ಅಕ್ಟೋಬರ್ 13ರಂದು ರೋಮ್‌ನಲ್ಲಿ ಇಟಲಿಯ ಹೊಸ ಸೆನೆಟ್ ಮೊದಲ ಸಲ ಸೇರಿತು. ಅಧ್ಯಕ್ಷರನ್ನು ಆರಿಸುವ ತನಕ ಸಭೆ ನಡೆಸುವ ಕೆಲಸ ಹಿರಿಯ ಸದಸ್ಯರೊಬ್ಬರದು. ಆವತ್ತು ಆ ಕುರ್ಚಿಯಲ್ಲಿ ಕೂತಿದ್ದವರು 92 ವರ್ಷದ ಲಿಲಿಯಾನಾ ಸೆಗ್ರೆ. ಮುಸೊಲಿನಿಯ ಫ್ಯಾಸಿಸ್ಟರು ರೋಮ್‌ಗೆ ನಡೆದುಬಂದು ಅಧಿಕಾರ ಹಿಡಿದದ್ದು 1922ರ ಅಕ್ಟೋಬರ್‌ನಲ್ಲಿ. ಸರಿಯಾಗಿ ನೂರು ವರ್ಷ. ಅದನ್ನು ನೆನಪಿಸಿ ಸೆಗ್ರೆ ಮಾತು ಶುರುಮಾಡಿದರು. 1938ರ ಇಂಥದ್ದೇ ದಿನಗಳಲ್ಲಿ ಪ್ರಾಥಮಿಕ ಶಾಲೆಯ ಬೆಂಚನ್ನು ಖಾಲಿ ಮಾಡಬೇಕಾಗಿ ಬಂದ ಪುಟ್ಟ ಹುಡುಗಿ, ಇವತ್ತು ಸೆನೆಟ್ಟಿನ ಅತಿ ದೊಡ್ಡ ಪೀಠದಲ್ಲಿ ಕೂತಿದ್ದಾಳೆ ಎಂದರು. ಸ್ವಲ್ಪ ಹೊತ್ತಿನಲ್ಲೇ ಆ ಪೀಠವನ್ನು ಅವರು ಹೊಸ ಅಧ್ಯಕ್ಷರಾಗಿ ಆಯ್ಕೆಯಾದ ಇಗ್ನಾತ್ಸಿಯೊ ಲಾ ರೂಸ್ಸಾ ಅವರಿಗೆ ಬಿಟ್ಟುಕೊಟ್ಟರು. ತಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದ ಮುಸೊಲಿನಿಯ ಪ್ರತಿಮೆಯನ್ನು 2018ರಲ್ಲಿ ಕ್ಯಾಮೆರಾ ಮುಂದೆಯೇ ತೋರಿಸಿದ್ದ ರಾಜಕಾರಣಿ ಅವರು.

ಎಂಟು ವರ್ಷದ ಆ ಹುಡುಗಿಯನ್ನು ಶಾಲೆಯಿಂದ ಹೊರಗೆ ಹಾಕಿದ್ದು ಹಿಟ್ಲರ್ ಅಲ್ಲ. ಇಟಲಿಯ ಸರ್ಕಾರ. ಇದನ್ನು ಮೊದಲೇ ಹೇಳಿಬಿಡಬೇಕು ಅನ್ನಿಸುತ್ತದೆ. ಯಹೂದಿಗಳ ನರಮೇಧ ಅಂದ ತಕ್ಷಣ ನಮಗೆ ನೆನಪಾಗುವುದು ಜರ್ಮನಿ, ನಾಜಿಗಳು, ಆಶ್ವಿಟ್ಜ್. ಅದು ತಪ್ಪಲ್ಲ. ಅರವತ್ತು ಲಕ್ಷ ಯಹೂದಿಗಳನ್ನು ಕೊಂದ ಯೋಜನೆ ನಾಜಿಗಳದೇ. ಆದರೆ ಫ್ಯಾಸಿಸಂ ಎಂಬ ಪದ ಹುಟ್ಟಿದ ನೆಲ ಇಟಲಿ. ಅಲ್ಲಿನ ಯಹೂದಿಗಳಿಗೆ ಏನಾಯಿತು ಎಂಬುದು ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಇಟಲಿಯವರೇ ಅದನ್ನು ಬಹಳ ಕಾಲ ಅರ್ಧ ಮಾತ್ರ ಹೇಳಿಕೊಂಡರು. "ಜರ್ಮನ್ನರು ಬಂದರು, ಹಿಡಿದುಕೊಂಡು ಹೋದರು, ನಾವು ಆದಷ್ಟು ಕಾಪಾಡಿದೆವು" ಎಂಬ ಅರ್ಧ. ಅದರ ಹಿಂದಿನ ಐದು ವರ್ಷಗಳ ಬಗ್ಗೆ ಈ ಲೇಖನ.

ರೋಮ್‌ನ ಯಹೂದಿಗಳು ಅಲ್ಲಿಗೆ ವಲಸೆ ಬಂದ ಹೊಸಬರಲ್ಲ. ಎರಡು ಸಾವಿರ ವರ್ಷಕ್ಕೂ ಮೊದಲಿನಿಂದ ಇರುವವರು. ಕ್ರೈಸ್ತ ಧರ್ಮ ಆ ಊರಿಗೆ ಬರುವುದಕ್ಕೂ ಮುಂಚಿನಿಂದ. 'ಘೆಟ್ಟೊ' ಎಂಬ ಪದ ಹುಟ್ಟಿದ್ದೂ ಇಟಲಿಯಲ್ಲೇ. 1516ರಲ್ಲಿ ವೆನಿಸ್ ನಗರ ತನ್ನ ಯಹೂದಿಗಳನ್ನು ಒಂದು ದ್ವೀಪದಂಥ ಕೇರಿಗೆ ಸೇರಿಸಿ, ರಾತ್ರಿ ಬಾಗಿಲು ಹಾಕಿಸಿತು. 1555ರಲ್ಲಿ ಪೋಪ್ ನಾಲ್ಕನೇ ಪಾಲ್ ರೋಮ್‌ನಲ್ಲೂ ಹಾಗೇ ಮಾಡಿದ. ನದಿ ದಂಡೆಯ ಆ ತೇವದ ಕೇರಿಯಲ್ಲಿ ಹಳೆ ಬಟ್ಟೆ ಮಾರಿಕೊಂಡು ಅವರು ಮುನ್ನೂರು ವರ್ಷ ಬದುಕಿದರು. 1870ರಲ್ಲಿ ರೋಮ್ ಇಟಲಿ ರಾಜ್ಯಕ್ಕೆ ಸೇರಿದ ಮೇಲೆ ಆ ಬಾಳು ಮುಗಿಯಿತು.

ಆಮೇಲೆ ನಡೆದದ್ದು ಬೆರಗು ಹುಟ್ಟಿಸುವಂಥದ್ದು. 1907ರಲ್ಲಿ ರೋಮ್ ನಗರಕ್ಕೆ ಯಹೂದಿ ಮೇಯರ್ ಬಂದರು, ಎರ್ನೆಸ್ಟೊ ನಾಥನ್. 1910ರಲ್ಲಿ ಇಟಲಿಗೆ ಯಹೂದಿ ಪ್ರಧಾನಿ ಬಂದರು, ಲುಯಿಜಿ ಲುತ್ಸಾತ್ತಿ. ಸೈನ್ಯದಲ್ಲಿ ಜನರಲ್‌ಗಳು, ವಿಶ್ವವಿದ್ಯಾಲಯಗಳಲ್ಲಿ ದೊಡ್ಡ ಗಣಿತಜ್ಞರು. ಎಲ್ಲ ಸೇರಿದರೂ ದೇಶದ ಜನಸಂಖ್ಯೆಯಲ್ಲಿ ಸಾವಿರಕ್ಕೆ ಒಬ್ಬರು. ಯುರೋಪಿನಲ್ಲಿ ಯಹೂದಿಗಳು ಇಷ್ಟು ನಿಶ್ಚಿಂತೆಯಿಂದ ಇದ್ದ ದೇಶಗಳು ಕೆಲವೇ. ಅದಕ್ಕೇ ಮುಂದಿನದು ಇನ್ನಷ್ಟು ನೋವು ಕೊಡುತ್ತದೆ.

ಇನ್ನೊಂದು ಸಂಗತಿ ಇವತ್ತಿನ ಓದುಗರಿಗೆ ವಿಚಿತ್ರ ಅನ್ನಿಸಬಹುದು. ಮೊದಲ ಹದಿನೈದು ವರ್ಷ ಸಾವಿರಾರು ಯಹೂದಿಗಳು ಫ್ಯಾಸಿಸ್ಟ್ ಪಕ್ಷದಲ್ಲೇ ಇದ್ದರು. ಮುಸೊಲಿನಿಯ ಮೊದಲ ಸರ್ಕಾರದಲ್ಲಿ ಗೃಹ ಇಲಾಖೆಯ ಉಪಸಚಿವನಾಗಿದ್ದ ಆಲ್ಡೊ ಫಿಂತ್ಸಿ ಯಹೂದಿ ಮನೆತನದವನು. ಮುಸೊಲಿನಿಯ ಗೆಳತಿಯಾಗಿದ್ದು, ಅವನ ಜೀವನಚರಿತ್ರೆ ಬರೆದು ಅವನನ್ನು ಜಗತ್ತಿಗೆ ಪರಿಚಯಿಸಿದ ಮಾರ್ಗರೀತಾ ಸರ್ಫಾತ್ತಿ ಯಹೂದಿ. ಟ್ಯೂರಿನ್‌ನ ಬ್ಯಾಂಕರ್ ಎತ್ತೊರೆ ಒವಾತ್ಸಾ ಅಂತೂ, ನಾವು ಯಹೂದಿಗಳಾಗಿದ್ದೂ ಪಕ್ಕಾ ಫ್ಯಾಸಿಸ್ಟರು ಎಂದು ಸಾರಲು ಪತ್ರಿಕೆಯನ್ನೇ ನಡೆಸಿದ. ಇವರು ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ವಿರೋಧ ಪಕ್ಷದವರನ್ನು ಕೊಂದ, ಪತ್ರಿಕೆಗಳ ಬಾಯಿ ಕಟ್ಟಿದ ಆಡಳಿತಕ್ಕೆ ಇವರು ಚಪ್ಪಾಳೆ ಹೊಡೆದಿದ್ದರು. ಆದರೆ ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ನಿಷ್ಠೆ ತೋರಿಸಿದರೆ ನಮ್ಮನ್ನು ಬಿಟ್ಟಾರು ಎಂದು ಇವರು ನಂಬಿದ್ದರು. ಫಿಂತ್ಸಿಯನ್ನು 1944ರ ಮಾರ್ಚ್‌ನಲ್ಲಿ ರೋಮ್ ಹೊರಗಿನ ಆರ್ದೆಯಾತಿನೆ ಗುಹೆಗಳಲ್ಲಿ ಇನ್ನೂ 334 ಮಂದಿಯ ಜೊತೆ ಗುಂಡಿಟ್ಟು ಕೊಂದರು. ಒವಾತ್ಸಾನನ್ನು 1943ರ ಅಕ್ಟೋಬರ್‌ನಲ್ಲಿ ಮಾಜೊರೆ ಸರೋವರದ ದಂಡೆಯ ಒಂದು ಶಾಲೆಯಲ್ಲಿ ಕೊಂದು, ಅಲ್ಲಿನ ಒಲೆಯಲ್ಲೇ ಸುಟ್ಟರು.

ಹಾಗಾದರೆ 1938ರಲ್ಲಿ ಮುಸೊಲಿನಿ ಯಾಕೆ ತಿರುಗಿಬಿದ್ದ? ಹಿಟ್ಲರ್ ಒತ್ತಾಯ ಮಾಡಿದ ಎಂಬುದು ಸುಲಭದ ಉತ್ತರ. ಆದರೆ ಹಾಗೆ ಒತ್ತಾಯ ಮಾಡಿದ್ದಕ್ಕೆ ಇತಿಹಾಸಕಾರರಿಗೆ ದಾಖಲೆ ಸಿಕ್ಕಿಲ್ಲ. ಜರ್ಮನಿಯ ಜೊತೆ ಸ್ನೇಹ ಬೆಳೆಯುತ್ತಿದ್ದದ್ದು ನಿಜ, ಅದು ದಾರಿ ಸುಲಭ ಮಾಡಿತು. ಆದರೆ ಕಾನೂನಿನ ಮಾದರಿ ಮನೆಯಲ್ಲೇ ಇತ್ತು. 1935ರಲ್ಲಿ ಇಟಲಿ ಇಥಿಯೋಪಿಯದ ಮೇಲೆ ದಾಳಿ ಮಾಡಿ, ಮರುವರ್ಷ ಸಾಮ್ರಾಜ್ಯ ಘೋಷಿಸಿತು. ಅಲ್ಲಿನ ಜನರ ಮೇಲೆ ವಿಷಾನಿಲ ಸುರಿಯಿತು. 1937ರಲ್ಲಿ ಒಂದು ಕಾನೂನು ಬಂತು. ಆಫ್ರಿಕದ ಹೆಣ್ಣಿನ ಜೊತೆ ಸಂಸಾರ ಮಾಡುವ ಇಟಲಿಯವನಿಗೆ ಐದು ವರ್ಷದವರೆಗೆ ಜೈಲು. ಜನಾಂಗದ 'ಶುದ್ಧಿ' ಎಂಬ ಮಾತು ಇಟಲಿಯ ಕಾನೂನು ಪುಸ್ತಕಕ್ಕೆ ಸೇರಿದ್ದು ಹೀಗೆ. ಆಫ್ರಿಕದಲ್ಲಿ ಎಳೆದ ಗೆರೆಯನ್ನು ಒಂದೇ ವರ್ಷದಲ್ಲಿ ಊರೊಳಗೂ ಎಳೆದರು. ವಸಾಹತುಗಳಲ್ಲಿ ಕಪ್ಪು ಜನರಿಗೆ ಮಾಡಿದ್ದನ್ನು ಬದಿಗಿಟ್ಟು ಯುರೋಪಿನ ಯಹೂದಿಗಳ ಕಥೆಯೊಂದನ್ನೇ ಹೇಳಿದರೆ, ಈ ಕೊಂಡಿ ಕಾಣುವುದಿಲ್ಲ.

1938ರ ಜುಲೈ ಮಧ್ಯದಲ್ಲಿ ಪತ್ರಿಕೆಯೊಂದರಲ್ಲಿ 'ವಿಜ್ಞಾನಿಗಳ' ಹೇಳಿಕೆ ಬಂತು. ಮನುಷ್ಯರಲ್ಲಿ ಜನಾಂಗಗಳಿವೆ, ಇಟಲಿಯವರು ಆರ್ಯರು, ಯಹೂದಿಗಳು ಇಟಲಿಯ ಜನಾಂಗಕ್ಕೆ ಸೇರಿದವರಲ್ಲ ಎಂದು ಅದು ಹೇಳಿತು. ಆಗಸ್ಟ್ 5ರಂದು 'ಲಾ ದಿಫೇಸಾ ದೆಲ್ಲಾ ರಾತ್ಸಾ' ಎಂಬ ಪತ್ರಿಕೆಯ ಮೊದಲ ಸಂಚಿಕೆ ಹೊರಬಂತು. ಅಂದರೆ 'ಜನಾಂಗದ ರಕ್ಷಣೆ'. ಗೃಹ ಇಲಾಖೆಯೊಳಗೆ 'ಜನಸಂಖ್ಯೆ ಮತ್ತು ಜನಾಂಗ'ಕ್ಕೆಂದೇ ಒಂದು ನಿರ್ದೇಶನಾಲಯ ಹುಟ್ಟಿತು. ಜನ ಅದನ್ನು ಚಿಕ್ಕದಾಗಿ 'ದೆಮೊರಾತ್ಸಾ' ಅನ್ನುತ್ತಿದ್ದರು.

ಆಗಸ್ಟ್ 22ರಂದು ಆ ಕಚೇರಿ ಯಹೂದಿಗಳ ಜನಗಣತಿ ನಡೆಸಿತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಇದು ಧರ್ಮದ ಗಣತಿ ಆಗಿರಲಿಲ್ಲ. ತಂದೆ ತಾಯಿಯರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಸಾಕು, ಹೆಸರು ಬರೆದುಕೊಂಡರು. ಆ ವ್ಯಕ್ತಿ ದೀಕ್ಷಾಸ್ನಾನ ಪಡೆದ ಕ್ಯಾಥೊಲಿಕ್ ಆಗಿದ್ದರೂ ಬರೆದುಕೊಂಡರು. ಹೀಗೆ 58,412 ಹೆಸರುಗಳು ಸಿಕ್ಕವು. ತಾವು ಯಹೂದಿಗಳು ಎಂದು ಸಮುದಾಯದಲ್ಲಿ ಗುರುತಿಸಿಕೊಂಡಿದ್ದವರು ಸುಮಾರು 47 ಸಾವಿರ ಮಾತ್ರ. ಗಣತಿದಾರರು ಬಾಗಿಲು ತಟ್ಟಿದಾಗ ಜಾಸ್ತಿ ಜನ ಯಾವ ಮುಚ್ಚುಮರೆಯೂ ಇಲ್ಲದೆ ಉತ್ತರ ಕೊಟ್ಟರು. ಸರ್ಕಾರ ಕೇಳುತ್ತಿದೆ, ಹೇಳಬೇಕು ಅಲ್ವಾ? ಮನೆ ಯಾವ ಬೀದಿ, ಎಷ್ಟನೇ ಮಹಡಿ, ಎಷ್ಟು ಜನ. ಆ ಹಾಳೆಗಳು ಊರೂರಿನ ಪೊಲೀಸ್ ಕಚೇರಿಯಲ್ಲಿ, ಪುರಸಭೆಯಲ್ಲಿ ಉಳಿದವು. ಯಾರಾದರೂ ಮನೆ ಬದಲಿಸಿದರೆ, ಮಗು ಹುಟ್ಟಿದರೆ, ಗುಮಾಸ್ತರು ಅದನ್ನೂ ತಿದ್ದಿ ಸೇರಿಸಿದರು. ಆ ಹೊತ್ತಿಗೆ ಯಾರ ಕೈಯಲ್ಲೂ ಕೊಲೆಯ ಯೋಜನೆ ಇರಲಿಲ್ಲ. ಆದರೆ ಪಟ್ಟಿ ಇತ್ತು.

ಸೆಪ್ಟೆಂಬರ್ 5ರಂದು ಪೀಸಾ ಬಳಿಯ ಸಾನ್ ರೊಸ್ಸೊರೆ ಎಂಬ ತನ್ನ ಬೇಸಿಗೆ ಬಂಗಲೆಯಲ್ಲಿ ರಾಜ ಮೂರನೇ ವಿಕ್ಟರ್ ಇಮ್ಯಾನುಯೆಲ್ ಮೊದಲ ಆದೇಶಕ್ಕೆ ಸಹಿ ಹಾಕಿದ. ಯಹೂದಿ ಮಕ್ಕಳು, ಯಹೂದಿ ಮೇಷ್ಟ್ರುಗಳು ಸರ್ಕಾರಿ ಶಾಲೆಯಲ್ಲಿ ಇರುವಂತಿಲ್ಲ. ಎರಡೇ ದಿನಕ್ಕೆ ಹೊರದೇಶದ ಯಹೂದಿಗಳು ದೇಶ ಬಿಡಬೇಕು ಎಂಬ ಆದೇಶ ಬಂತು. ನವೆಂಬರ್ 17ರ ಕಾನೂನು ಉಳಿದದ್ದನ್ನೆಲ್ಲ ಮುಗಿಸಿತು. ಯಹೂದಿಗಳು 'ಆರ್ಯ'ರನ್ನು ಮದುವೆಯಾಗುವಂತಿಲ್ಲ. ಸರ್ಕಾರಿ ನೌಕರಿ ಇಲ್ಲ, ಸೈನ್ಯ ಇಲ್ಲ, ಬ್ಯಾಂಕು ವಿಮಾ ಕಂಪನಿಗಳಲ್ಲಿ ಕೆಲಸ ಇಲ್ಲ. ಇಷ್ಟಕ್ಕಿಂತ ಹೆಚ್ಚು ಜಮೀನು, ಇಷ್ಟಕ್ಕಿಂತ ದೊಡ್ಡ ಕಾರ್ಖಾನೆ ಇಟ್ಟುಕೊಳ್ಳುವಂತಿಲ್ಲ. ಮನೆಗೆಲಸಕ್ಕೆ 'ಆರ್ಯ' ಹೆಂಗಸನ್ನು ಇಟ್ಟುಕೊಳ್ಳುವಂತಿಲ್ಲ.

ವಿಶ್ವವಿದ್ಯಾಲಯಗಳು ತಮ್ಮ ಅತಿ ಒಳ್ಳೆಯ ಪ್ರಾಧ್ಯಾಪಕರಲ್ಲಿ ಹಲವರನ್ನು ಕಳೆದುಕೊಂಡವು. ಐನ್‌ಸ್ಟೈನ್ ತಮ್ಮ ಸಿದ್ಧಾಂತಕ್ಕೆ ಬಳಸಿಕೊಂಡ ಗಣಿತವನ್ನು ಕಟ್ಟಿದವರಲ್ಲಿ ಒಬ್ಬರಾದ ತುಲ್ಲಿಯೊ ಲೆವಿ-ಚಿವೀತಾ ರೋಮ್‌ನಲ್ಲಿ ಕೆಲಸ ಕಳೆದುಕೊಂಡರು. ಎನ್ರಿಕೊ ಫರ್ಮಿ ಯಹೂದಿ ಅಲ್ಲ, ಆದರೆ ಅವರ ಹೆಂಡತಿ ಲಾರಾ ಯಹೂದಿ. 1938ರ ಡಿಸೆಂಬರ್‌ನಲ್ಲಿ ನೊಬೆಲ್ ಪಡೆಯಲು ಸ್ಟಾಕ್‌ಹೋಮ್‌ಗೆ ಹೋದವರು ಸಂಸಾರ ಸಮೇತ ಅಮೆರಿಕಕ್ಕೆ ಹೊರಟರು. ಟ್ಯೂರಿನ್‌ನ ಎಳೆಯ ವೈದ್ಯೆ ರೀತಾ ಲೆವಿ-ಮೊಂತಾಲ್ಚೀನಿ ಮಲಗುವ ಕೋಣೆಯಲ್ಲೇ ಪ್ರಯೋಗಾಲಯ ಮಾಡಿಕೊಂಡು ಕೋಳಿ ಭ್ರೂಣಗಳ ನರಗಳನ್ನು ಅಧ್ಯಯನ ಮಾಡಿದರು. ಅವರಿಗೆ 1986ರಲ್ಲಿ ನೊಬೆಲ್ ಬಂತು. ಇಂಥ ಕಥೆಗಳನ್ನು ನಾವು ಹೆಮ್ಮೆಯಿಂದ ಓದುತ್ತೇವೆ. ಆದರೆ ಖಾಲಿಯಾದ ಕುರ್ಚಿಗಳಿಗೆ ಏನಾಯಿತು ಎಂದು ಕೇಳುವುದು ಕಡಿಮೆ. ಅವು ಬೇಗ ತುಂಬಿದವು. ಹತ್ತಿರದ ಸಹೋದ್ಯೋಗಿಗಳೇ ಬಂದು ಕೂತರು.

ಬಡವರ ಪಾಡು ಬೇರೆಯೇ. ರೋಮ್‌ನ ಯಹೂದಿಗಳಲ್ಲಿ ಬಹಳ ಮಂದಿ ಬೀದಿ ಬದಿ ವ್ಯಾಪಾರಿಗಳು, ಗುಜರಿ ಬಟ್ಟೆ ಮಾರುವವರು. ಬ್ಯಾಂಕಿನ ಕೆಲಸ, ಕಾರ್ಖಾನೆಯ ಮಾತು ಅವರಿಗೆ ಸಂಬಂಧಿಸಿದ್ದಲ್ಲ. ಅವರನ್ನು ಹಿಡಿದದ್ದು ಕಾನೂನಲ್ಲ, ಸುತ್ತೋಲೆ. 1940ರಲ್ಲಿ ಬೀದಿ ವ್ಯಾಪಾರದ ಲೈಸೆನ್ಸ್ ರದ್ದಾಯಿತು. ಹೀಗೆ ನೂರಾರು ಸುತ್ತೋಲೆಗಳು ಬಂದವು. ಯಹೂದಿಗಳ ಮನೆಯಲ್ಲಿ ರೇಡಿಯೊ ಇರಬಾರದು. ಟೆಲಿಫೋನ್ ಡೈರೆಕ್ಟರಿಯಲ್ಲಿ ಹೆಸರು ಇರಬಾರದು. ಮನೆಯಲ್ಲಿ ಯಾರಾದರೂ ಸತ್ತರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬಾರದು. ಕೊನೆಯದನ್ನು ಯೋಚಿಸಿ ನೋಡಿ. ಸತ್ತ ಸುದ್ದಿಯನ್ನೂ ನಾಲ್ಕು ಜನಕ್ಕೆ ತಿಳಿಸುವಂತಿಲ್ಲ. ಇದಕ್ಕೆ ಜರ್ಮನಿಯಿಂದ ಯಾರೂ ಬರಬೇಕಾಗಿರಲಿಲ್ಲ. ಯಾವುದೋ ಕಚೇರಿಯ ಯಾವುದೋ ಅಧಿಕಾರಿ ಕೂತು ಇದನ್ನು ಯೋಚಿಸಿ, ಟೈಪ್ ಮಾಡಿಸಿ, ಮೊಹರು ಹಾಕಿದ.

ಮೊದೆನಾ ಊರಿನ ಪ್ರಕಾಶಕ ಆಂಜೆಲೊ ಫೊರ್ತುನಾತೊ ಫೊರ್ಮಿಜ್ಜೀನಿ ಇದನ್ನು ತಡೆದುಕೊಳ್ಳಲಿಲ್ಲ. 1938ರ ನವೆಂಬರ್ 29ರಂದು ತಮ್ಮ ಊರಿನ ಎತ್ತರದ ಗಿರ್ಲಾಂದೀನಾ ಗೋಪುರದಿಂದ ಹಾರಿ ಪ್ರಾಣ ಬಿಟ್ಟರು. ಈ ಕಾನೂನಿನ ಅನ್ಯಾಯವನ್ನು ಎಲ್ಲರೂ ನೋಡಲಿ ಎಂಬುದೇ ಅವರ ಉದ್ದೇಶ. ಪತ್ರಿಕೆಗಳಲ್ಲಿ ಆ ಸುದ್ದಿ ಬರಲು ಸರ್ಕಾರ ಬಿಡಲಿಲ್ಲ.

ಆಸ್ತಿಯ ಕಥೆಯನ್ನೂ ಹೇಳಬೇಕು, ಯಾಕೆಂದರೆ ಅದು ಮುಂದೆ ಮತ್ತೆ ಬರುತ್ತದೆ. ಮಿತಿಗಿಂತ ಹೆಚ್ಚಿದ್ದ ಜಮೀನು, ಕಟ್ಟಡಗಳನ್ನು ವಶಕ್ಕೆ ತೆಗೆದುಕೊಂಡು ಮಾರಲು 1939ರಲ್ಲಿ 'ಎಜೆಲಿ' ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. ಅದೇ ವರ್ಷ ಇನ್ನೊಂದು ಸಮಿತಿ ಬಂತು. ಜನ ಅದನ್ನು 'ಜನಾಂಗದ ನ್ಯಾಯಮಂಡಳಿ' ಎಂದು ಕರೆದರು. ಹುಟ್ಟಿನ ದಾಖಲೆ ಏನೇ ಹೇಳಲಿ, ಒಬ್ಬ ಯಹೂದಿಯನ್ನು 'ಆರ್ಯ' ಎಂದು ಘೋಷಿಸಲು ಆ ಸಮಿತಿ ಶಿಫಾರಸು ಮಾಡಬಹುದಿತ್ತು. ಎಷ್ಟೋ ಕುಟುಂಬಗಳು ಇದಕ್ಕಾಗಿ ಲಂಚಕ್ಕೆ ಹಣ ಸುರಿದವು. ಆ ಸಮಿತಿಯ ಅಧ್ಯಕ್ಷ ನ್ಯಾಯಾಧೀಶ ಗಯೆತಾನೊ ಅತ್ಸರೀತಿ. ಹೆಸರು ನೆನಪಿರಲಿ.

1943ರ ಜುಲೈ 25ರಂದು ಮುಸೊಲಿನಿ ಕೆಳಗಿಳಿದ. ಆಮೇಲೆ ಬಂದ ಬಾದೊಲ್ಯೊ ಸರ್ಕಾರಕ್ಕೆ 45 ದಿನ ಸಿಕ್ಕಿತು. ಅಷ್ಟು ದಿನದಲ್ಲಿ ಯಹೂದಿ ವಿರೋಧಿ ಕಾನೂನುಗಳನ್ನು ರದ್ದು ಮಾಡಲಿಲ್ಲ. ಪಟ್ಟಿಗಳನ್ನು ಸುಡಲಿಲ್ಲ. ಒಂದು ಬೆಂಕಿಕಡ್ಡಿಯ ಕೆಲಸ ಅದು. ನನಗೆ ಈ ಇಡೀ ಇತಿಹಾಸದಲ್ಲಿ ಅತಿ ಹೆಚ್ಚು ಸಂಕಟ ಕೊಡುವುದು ಈ 45 ದಿನ. ಸೆಪ್ಟೆಂಬರ್ 8ರಂದು ಇಟಲಿ ಯುದ್ಧದಿಂದ ಹಿಂದೆ ಸರಿದ ಸುದ್ದಿ ಹೊರಬಿತ್ತು. ಜರ್ಮನ್ ಸೈನ್ಯ ಕೂಡಲೇ ಉತ್ತರ ಮತ್ತು ಮಧ್ಯ ಇಟಲಿಯನ್ನು ಹಿಡಿಯಿತು. ಕಪಾಟುಗಳಲ್ಲಿ ಹಾಳೆಗಳು ಹಾಗೇ ಇದ್ದವು.

ವೆನಿಸ್‌ನಲ್ಲಿ ಯಹೂದಿ ಸಮುದಾಯದ ಮುಖ್ಯಸ್ಥರಾಗಿದ್ದವರು ಜುಸೆಪ್ಪೆ ಯೊನಾ ಎಂಬ ಹಿರಿಯ ವೈದ್ಯರು. ಬಡವರಿಗೆ ದುಡ್ಡು ತೆಗೆದುಕೊಳ್ಳದೆ ಔಷಧಿ ಕೊಡುತ್ತಿದ್ದವರು. ಸಮುದಾಯದವರ ಪಟ್ಟಿ ಕೊಡಿ ಎಂದು ಜರ್ಮನ್ನರು ಅವರನ್ನು ಕೇಳಿದರು. ಸೆಪ್ಟೆಂಬರ್ 17ರಂದು ಅವರು ತಾವೇ ಪ್ರಾಣ ಕಳೆದುಕೊಂಡರು, ಪಟ್ಟಿ ಕೊಡಲಿಲ್ಲ. ಆದರೂ ಡಿಸೆಂಬರ್ 5ರ ರಾತ್ರಿ ವೆನಿಸ್‌ನಲ್ಲಿ ಇಟಲಿಯ ಪೊಲೀಸರು, ಫ್ಯಾಸಿಸ್ಟ್ ಪಡೆಯವರು ಮನೆ ಮನೆಗೆ ಹೋಗಿ 163 ಜನರನ್ನು ಹಿಡಿದರು. ಡಾಕ್ಟರರ ಪಟ್ಟಿ ಅವರಿಗೆ ಬೇಕಾಗಲೇ ಇಲ್ಲ. ಸರ್ಕಾರದ ಹತ್ತಿರ ತನ್ನದೇ ಇತ್ತು.

ರೋಮ್‌ನಲ್ಲಿ ನಾಜಿಗಳ ಎಸ್‌ಎಸ್ ಪಡೆಯ ಅಧಿಕಾರಿ ಹರ್ಬರ್ಟ್ ಕಾಪ್ಲರ್ ಸೆಪ್ಟೆಂಬರ್ 26ರಂದು ಸಮುದಾಯದ ಮುಖಂಡರನ್ನು ಕರೆಸಿದ. 36 ಗಂಟೆಯಲ್ಲಿ 50 ಕೆಜಿ ಚಿನ್ನ ಕೊಡಿ, ಇಲ್ಲದಿದ್ದರೆ 200 ಜನರನ್ನು ಒಯ್ಯುತ್ತೇನೆ ಎಂದ. ಘೆಟ್ಟೊದ ಬಡ ಹೆಂಗಸರು ಕೈಬೆರಳ ಉಂಗುರ ಬಿಚ್ಚಿ ಕೊಟ್ಟರು. ಕ್ರೈಸ್ತ ನೆರೆಹೊರೆಯವರೂ ಬಂದು ಸಾಲಿನಲ್ಲಿ ನಿಂತು, ನಾವು ಕೊಟ್ಟರೆ ತೆಗೆದುಕೊಳ್ಳುತ್ತೀರಾ ಎಂದು ಸಂಕೋಚದಿಂದ ಕೇಳಿದರು. 28ರಂದು ಚಿನ್ನ ತೂಗಿ ಒಪ್ಪಿಸಿದರು. ಮರುದಿನವೇ ಸಮುದಾಯದ ಕಚೇರಿಯ ಮೇಲೆ ದಾಳಿ ಮಾಡಿ ದಾಖಲೆಗಳನ್ನೂ ಹೊತ್ತೊಯ್ದರು.

ಅಕ್ಟೋಬರ್ 16 ಶನಿವಾರ, ಯಹೂದಿಗಳ ವಿಶ್ರಾಂತಿಯ ದಿನ. ಬೆಳಗಿನ ಜಾವ ಮಳೆಯಲ್ಲಿ ಜರ್ಮನ್ ಪೊಲೀಸರು ಬೀದಿಗಳನ್ನು ಸುತ್ತುವರಿದರು. ಮನೆಯವರ ಕೈಗೆ ಒಂದು ಚೀಟಿ ಕೊಟ್ಟರು. 20 ನಿಮಿಷದಲ್ಲಿ ಹೊರಡಬೇಕು, ಎಂಟು ದಿನದ ಊಟ ತರಬೇಕು, ಬಾಗಿಲಿಗೆ ಬೀಗ ಹಾಕಬೇಕು, ಕಾಯಿಲೆಯವರೂ ಉಳಿಯುವಂತಿಲ್ಲ. ಆವತ್ತು 1,259 ಜನರನ್ನು ಹಿಡಿದರು. ಅವರಲ್ಲಿ 207 ಮಕ್ಕಳು. ವ್ಯಾಟಿಕನ್‌ಗೆ ಹತ್ತಿರದ ಸೈನಿಕ ಕಾಲೇಜೊಂದರಲ್ಲಿ ಎರಡು ದಿನ ಕೂಡಿಹಾಕಿ, ಮಿಶ್ರ ವಿವಾಹದವರನ್ನು ಮತ್ತು ಯಹೂದಿ ಅಲ್ಲದವರನ್ನು ಬಿಟ್ಟು, ಉಳಿದ ಸಾವಿರಕ್ಕೂ ಹೆಚ್ಚು ಮಂದಿಯನ್ನು ತಿಬುರ್ತೀನಾ ನಿಲ್ದಾಣದಿಂದ ಆಶ್ವಿಟ್ಜ್‌ಗೆ ಸಾಗಿಸಿದರು. ವಾಪಸ್ ಬಂದವರು 16 ಜನ. 15 ಗಂಡಸರು, ಒಬ್ಬ ಹೆಂಗಸು. ಒಂದು ಮಗುವೂ ಬರಲಿಲ್ಲ. ರೋಮ್‌ನ ಈ ದಾಳಿಯನ್ನು ನಡೆಸಿದ್ದು ಜರ್ಮನ್ನರೇ. ಆದರೆ ಯಾವ ಬೀದಿ, ಯಾವ ಮನೆ ಎಂಬ ವಿಳಾಸಗಳನ್ನು ಬಡಾವಣೆವಾರು ಜೋಡಿಸುವ ಕೆಲಸಕ್ಕೆ ಇಟಲಿಯ ಪೊಲೀಸರೂ ಕೈಜೋಡಿಸಿದ್ದರು.

ಆ ಹೊತ್ತಿಗೆ ಮುಸೊಲಿನಿ ಜರ್ಮನ್ನರ ಆಸರೆಯಲ್ಲಿ ಉತ್ತರದಲ್ಲಿ ಹೊಸ ಸರ್ಕಾರ ಕಟ್ಟಿಕೊಂಡಿದ್ದ. ನವೆಂಬರ್ 14ರಂದು ವೆರೋನಾದಲ್ಲಿ ಸೇರಿದ ಅದರ ಪಕ್ಷ ಒಂದು ಘೋಷಣೆ ಹೊರಡಿಸಿತು. ಯಹೂದಿ ಜನಾಂಗದವರು ವಿದೇಶಿಯರು, ಈ ಯುದ್ಧದಲ್ಲಿ ಶತ್ರು ದೇಶದವರು ಎಂದಿತು ಅದರ ಏಳನೇ ಅಂಶ. ಎರಡು ಸಾವಿರ ವರ್ಷದಿಂದ ಇದ್ದವರು ಒಂದೇ ಸಾಲಿನಲ್ಲಿ ಪರದೇಶಿಗಳಾದರು. ನವೆಂಬರ್ 30ರಂದು ಗೃಹ ಸಚಿವ ಬುಫ್ಫರೀನಿ ಗ್ವೀದಿ ಐದನೇ ನಂಬರಿನ ಪೊಲೀಸ್ ಆದೇಶ ಕಳಿಸಿದ. ಎಲ್ಲ ಯಹೂದಿಗಳನ್ನು ಬಂಧಿಸಿ ಶಿಬಿರಕ್ಕೆ ಹಾಕಿ, ಆಸ್ತಿ ವಶಪಡಿಸಿಕೊಳ್ಳಿ. ಇದು ಇಟಲಿಯ ಭಾಷೆಯಲ್ಲಿ, ಇಟಲಿಯ ಸಚಿವ, ಇಟಲಿಯ ಜಿಲ್ಲಾಧಿಕಾರಿಗಳಿಗೆ ಕಳಿಸಿದ ಆದೇಶ. ಮೊದೆನಾ ಬಳಿಯ ಫೊಸ್ಸೊಲಿ ಶಿಬಿರ ತುಂಬತೊಡಗಿತು. ಅಲ್ಲಿಂದ ರೈಲುಗಳು ಹೊರಟವು. ಇತಿಹಾಸಕಾರರು ಹೆಸರು ಹೆಸರಾಗಿ ಲೆಕ್ಕ ಹಾಕಿದ್ದಾರೆ. ಯಾರು ಬಂಧಿಸಿದರು ಎಂಬುದು ಗೊತ್ತಿರುವ ಪ್ರಕರಣಗಳಲ್ಲಿ ಸರಿಸುಮಾರು ಅರ್ಧದಷ್ಟು ಬಂಧನಗಳನ್ನು ಮಾಡಿದ್ದು ಇಟಲಿಯವರೇ.

ಲಿಲಿಯಾನಾ ಸೆಗ್ರೆ ಅಪ್ಪನ ಜೊತೆ ಡಿಸೆಂಬರ್‌ನಲ್ಲಿ ಗುಡ್ಡ ಹತ್ತಿ ಸ್ವಿಟ್ಜರ್ಲೆಂಡ್ ಗಡಿ ದಾಟಿದ್ದಳು. ಅಲ್ಲಿನ ಅಧಿಕಾರಿ ಅವರನ್ನು ವಾಪಸ್ ಕಳಿಸಿದ. ಇಟಲಿಯ ಕಡೆಯ ಗಡಿ ಕಾವಲಿನವರು ಹಿಡಿದರು. ಅವಳಿಗೆ ಆಗ 13 ವರ್ಷ. 1944ರ ಜನವರಿ 30ರಂದು ಮಿಲಾನ್‌ನ ದೊಡ್ಡ ರೈಲು ನಿಲ್ದಾಣದ ನೆಲಮಾಳಿಗೆಯಲ್ಲಿ, ಟಪಾಲು ಚೀಲಗಳನ್ನು ತುಂಬುವ ಜಾಗದಲ್ಲಿ, 600ಕ್ಕೂ ಹೆಚ್ಚು ಜನರನ್ನು ದನ ಸಾಗಿಸುವ ಡಬ್ಬಿಗಳಿಗೆ ತುಂಬಿದರು. ತುಂಬಿದ ಡಬ್ಬಿಗಳನ್ನು ಲಿಫ್ಟಿನಿಂದ ಮೇಲಕ್ಕೆತ್ತಿ ಹಳಿಗೆ ಸೇರಿಸಿದರು. ಮೇಲೆ ಪ್ರಯಾಣಿಕರು ಎಂದಿನಂತೆ ಓಡಾಡುತ್ತಿದ್ದರು. ಆಶ್ವಿಟ್ಜ್‌ನಲ್ಲಿ ಅಪ್ಪನ ಕೈ ಬಿಟ್ಟದ್ದೇ ಕೊನೆ. ಅವಳ ತೋಳಿಗೆ 75190 ಎಂಬ ಸಂಖ್ಯೆ ಬಂತು. ಇವತ್ತು ಆ ನೆಲಮಾಳಿಗೆ ಸ್ಮಾರಕವಾಗಿದೆ. ಒಳಗೆ ಹೋಗುತ್ತಿದ್ದಂತೆ ದೊಡ್ಡ ಗೋಡೆಯ ಮೇಲೆ ಒಂದೇ ಪದ ಇದೆ: 'ಇಂದಿಫ್ಫೆರೆಂತ್ಸಾ'. ಅಂದರೆ, ನಮಗ್ಯಾಕೆ ಅನ್ನುವ ಮನಸ್ಸು. ಆ ಪದವನ್ನು ಆರಿಸಿದವರು ಸೆಗ್ರೆಯೇ.

ಇಟಲಿಯಿಂದ ಮತ್ತು ಅದರ ಆಡಳಿತದಲ್ಲಿದ್ದ ರೋಡ್ಸ್ ದ್ವೀಪದಿಂದ ಸಾಗಿಸಿ ಕೊಂದ ಯಹೂದಿಗಳು ಏಳೂವರೆ ಸಾವಿರಕ್ಕೂ ಹೆಚ್ಚು. ಪೋಲೆಂಡ್, ಹಂಗೇರಿಗೆ ಹೋಲಿಸಿದರೆ ಕಡಿಮೆ. ಹತ್ತರಲ್ಲಿ ಎಂಟು ಮಂದಿ ಉಳಿದರು. 'ಇಟಲಿಯವರು ಒಳ್ಳೆಯ ಜನ' ಎಂಬ ಮಾತು ಹುಟ್ಟಿದ್ದು ಈ ಲೆಕ್ಕದಿಂದಲೇ. ಆ ಮಾತಿನಲ್ಲಿ ಸುಳ್ಳೇ ತುಂಬಿದೆ ಎಂದು ನಾನು ಹೇಳಲಾರೆ. ಕನ್ಯಾಮಠಗಳು ಬಾಗಿಲು ತೆರೆದವು. ಸೈಕಲ್ ಚಾಂಪಿಯನ್ ಜೀನೊ ಬಾರ್ತಾಲಿ ಸೈಕಲ್ಲಿನ ಕೊಳವೆಯೊಳಗೆ ನಕಲಿ ಗುರುತುಪತ್ರಗಳನ್ನು ಅಡಗಿಸಿ ಊರಿಂದೂರಿಗೆ ಒಯ್ದರು. ರೈತರು ಹುಲ್ಲಿನ ಅಟ್ಟದಲ್ಲಿ ಮುಚ್ಚಿಟ್ಟರು. ಕ್ರೊಯೇಷಿಯಾ, ದಕ್ಷಿಣ ಫ್ರಾನ್ಸ್‌ಗಳಲ್ಲಿ ಇಟಲಿಯ ಸೇನಾಧಿಕಾರಿಗಳು ಯಹೂದಿಗಳನ್ನು ಜರ್ಮನ್ನರಿಗೆ ಒಪ್ಪಿಸದೆ ತಿಂಗಳುಗಟ್ಟಲೆ ನೆಪ ಹೇಳಿದರು. ಆದರೆ ಅದೇ ಕ್ರೊಯೇಷಿಯಾದ ಯಹೂದಿಗಳನ್ನು ಕೊಡಿ ಎಂದು ಜರ್ಮನಿ 1942ರ ಆಗಸ್ಟ್‌ನಲ್ಲಿ ಕೇಳಿದಾಗ, ಆ ಕಾಗದದ ಮೇಲೆ ಮುಸೊಲಿನಿ ಬರೆದ ಷರಾ 'ಅಡ್ಡಿಯಿಲ್ಲ' ಎಂಬುದಾಗಿತ್ತು. ಒಳ್ಳೆಯತನ ಆ ಷರಾವನ್ನು ಮೀರಿ ನಡೆದ ಜನರದು. ಸರ್ಕಾರದ್ದಲ್ಲ.

ಉಳಿದದ್ದಕ್ಕೆ ಬೇರೆ ಕಾರಣಗಳೂ ಇವೆ. ಜರ್ಮನ್ ಹಿಡಿತ ಇದ್ದದ್ದು ಇಪ್ಪತ್ತು ತಿಂಗಳು ಮಾತ್ರ. ಸ್ವಿಟ್ಜರ್ಲೆಂಡ್ ಹತ್ತಿರ ಇತ್ತು. ದಕ್ಷಿಣದಿಂದ ಮಿತ್ರಪಡೆ ಮೇಲೇರಿ ಬರುತ್ತಿತ್ತು. ಆ ಪಡೆಯಲ್ಲಿ ಭಾರತದ ಸೈನಿಕರೂ ದೊಡ್ಡ ಸಂಖ್ಯೆಯಲ್ಲಿದ್ದರು. ನಮ್ಮ ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಇಬ್ಬರಿಗೆ ಇಟಲಿಯ ಕಾಳಗಗಳಲ್ಲಿ ವಿಕ್ಟೋರಿಯಾ ಕ್ರಾಸ್ ಬಂದಿದೆ.

ಯುದ್ಧ ಮುಗಿದ ಮೇಲೆ ಶಾಂತಿ ಒಪ್ಪಂದದ ಮಾತುಕತೆ ಶುರುವಾಯಿತು. ನಾವು ಜರ್ಮನ್ನರ ಹಾಗಲ್ಲ ಎಂದು ತೋರಿಸುವುದು ಹೊಸ ಇಟಲಿಗೆ ಬೇಕಾಗಿತ್ತು. ಕಾಪಾಡಿದವರ ಕಥೆಗಳು ಮುಂದೆ ಬಂದವು, ಹಿಡಿದುಕೊಟ್ಟವರ ಕಥೆಗಳು ಹಿಂದೆ ಸರಿದವು. 1946ರ ಜೂನ್‌ನಲ್ಲಿ ಕ್ಷಮಾದಾನದ ಕಾನೂನು ಬಂತು, ಸಾವಿರಾರು ಫ್ಯಾಸಿಸ್ಟರು ಹೊರಬಂದರು. ಅತ್ಸರೀತಿ ಹೆಸರು ನೆನಪಿದೆಯಲ್ಲ? ಜನಾಂಗದ ನ್ಯಾಯಮಂಡಳಿಯ ಆ ಅಧ್ಯಕ್ಷ 1957ರಲ್ಲಿ ಇಟಲಿಯ ಸಂವಿಧಾನ ನ್ಯಾಯಾಲಯದ ಅಧ್ಯಕ್ಷನಾದ. ಸಾಯುವ ತನಕ, 1961ರವರೆಗೆ, ಆ ಹುದ್ದೆಯಲ್ಲಿದ್ದ. ನೇಪಲ್ಸ್‌ನಲ್ಲಿ ಅವನ ಹೆಸರಿನ ಬೀದಿಯೂ ಇತ್ತು. ಈಚಿನ ವರ್ಷಗಳಲ್ಲಷ್ಟೇ ಆ ಫಲಕ ತೆಗೆದು, ಆಶ್ವಿಟ್ಜ್‌ಗೆ ಹೋಗುವ ರೈಲಿನಲ್ಲೇ ಸತ್ತ ಎಂಟು ತಿಂಗಳ ಕೂಸಿನ ಹೆಸರಿಟ್ಟರು.

ಎಜೆಲಿ ಸಂಸ್ಥೆಯೂ ಮುಚ್ಚಲಿಲ್ಲ. ಬದುಕಿ ಬಂದ ಯಹೂದಿಗಳು ತಮ್ಮ ಮನೆ ಕೇಳಲು ಹೋದಾಗ, ಇಷ್ಟು ವರ್ಷ ಆಸ್ತಿ ನೋಡಿಕೊಂಡದ್ದಕ್ಕೆ ಖರ್ಚು ಕೊಡಿ ಎಂದು ಅದು ಲೆಕ್ಕ ಮುಂದಿಟ್ಟಿತು. ಮನೆ ಕಿತ್ತುಕೊಂಡವರೇ ಕಾವಲಿನ ಕೂಲಿ ಕೇಳಿದರು. ಆ ಸಂಸ್ಥೆಯ ಕೊನೆಯ ಕಡತ ಮುಚ್ಚಿದ್ದು 1997ರಲ್ಲಿ. ಮರುವರ್ಷ ಸರ್ಕಾರ ತೀನಾ ಆನ್ಸೆಲ್ಮಿ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. 2001ರಲ್ಲಿ ಅದರ ವರದಿ ಬಂದ ಮೇಲೆಯೇ ಈ ಲೂಟಿಯ ಪೂರ್ತಿ ಚಿತ್ರ ಸಿಕ್ಕಿದ್ದು.

2000ದಲ್ಲಿ ಇಟಲಿಯ ಸಂಸತ್ತು ಜನವರಿ 27ನ್ನು ಸ್ಮರಣೆಯ ದಿನವಾಗಿ ಗೊತ್ತುಮಾಡಿತು. ಅದು ಆಶ್ವಿಟ್ಜ್ ಬಿಡುಗಡೆಯಾದ ದಿನ. ಆ ಕಾನೂನಿನಲ್ಲಿ ಜನಾಂಗ ಕಾನೂನುಗಳ ಮಾತಿದೆ, ಇಟಲಿ ತನ್ನ ಯಹೂದಿ ಪ್ರಜೆಗಳನ್ನು ಹಿಂಸಿಸಿದ ಮಾತಿದೆ. ಫ್ಯಾಸಿಸಂ ಎಂಬ ಪದ ಮಾತ್ರ ಇಲ್ಲ. ಯಾವ ಆಡಳಿತ ಇದನ್ನು ಮಾಡಿತು ಎಂದು ಹೇಳದೆ ನೆನಪಿಸಿಕೊಳ್ಳುವುದು ಹೇಗೆ? ಅಕ್ಟೋಬರ್ 16 ಅಥವಾ ಸೆಪ್ಟೆಂಬರ್ 5 ಆಗಿದ್ದರೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ಪೋಲೆಂಡಿನ ಶಿಬಿರದ ದಿನಾಂಕ ಆರಿಸಿಕೊಂಡರೆ ಕಣ್ಣು ಅಲ್ಲಿಗೇ ಹೋಗುತ್ತದೆ.

ಈಗಿನ ಪ್ರಧಾನಿ ಜಾರ್ಜಿಯಾ ಮೆಲೋನಿ 2022ರ ಅಕ್ಟೋಬರ್‌ನಲ್ಲಿ ಸಂಸತ್ತಿನಲ್ಲಿ ಮಾಡಿದ ಮೊದಲ ಭಾಷಣದಲ್ಲೇ 1938ರ ಕಾನೂನುಗಳು ಇಟಲಿಯ ಇತಿಹಾಸದ ಅತಿ ಕೆಳಗಿನ ಬಿಂದು, ನಾಚಿಕೆಗೇಡು ಎಂದರು. ಆ ಮಾತಿಗೆ ಬೆಲೆ ಕೊಡಬೇಕು. ಆದರೆ ಅವರ ಪಕ್ಷದ ಚಿಹ್ನೆಯಲ್ಲಿ ಮೂರು ಬಣ್ಣದ ಜ್ವಾಲೆ ಇನ್ನೂ ಇದೆ. ಅದು 1946ರಲ್ಲಿ ಮುಸೊಲಿನಿಯ ಹಳೆಯ ಅನುಯಾಯಿಗಳು ಕಟ್ಟಿದ ಪಕ್ಷದ ಗುರುತು. ಆ ಪಕ್ಷ ಕಟ್ಟಿದವರಲ್ಲಿ ಮುಖ್ಯ ಜಾರ್ಜೊ ಆಲ್ಮಿರಾಂತೆ. ಮೇಲೆ ಹೇಳಿದ 'ಜನಾಂಗದ ರಕ್ಷಣೆ' ಪತ್ರಿಕೆಯ ಸಂಪಾದಕೀಯ ಕಾರ್ಯದರ್ಶಿ ಆಗಿದ್ದವನು ಅವನೇ. ಕಾನೂನನ್ನು ಬೈದು, ಅದನ್ನು ಬರೆದ ಸಾಲಿನವರನ್ನು ಹಿರಿಯರೆಂದು ಇಟ್ಟುಕೊಳ್ಳುವುದು ಎರಡೂ ಒಟ್ಟಿಗೆ ನಡೆಯುತ್ತಿದೆ.

ಸೆಗ್ರೆ 2018ರಲ್ಲಿ ಜೀವಮಾನದ ಸೆನೆಟ್ ಸದಸ್ಯೆಯಾದರು. ಮರುವರ್ಷ ದ್ವೇಷ, ಜನಾಂಗಭೇದ, ಯಹೂದಿ ವಿರೋಧವನ್ನು ಗಮನಿಸಲು ಒಂದು ಸಂಸದೀಯ ಸಮಿತಿ ಬೇಕು ಎಂದು ಅವರು ಕೇಳಿದಾಗ 151 ಮತಗಳು ಪರವಾಗಿ ಬಿದ್ದವು. ಬಲಪಂಥದ 98 ಮಂದಿ ಮತ ಹಾಕದೆ ದೂರ ಉಳಿದರು. ಆನ್‌ಲೈನಿನಲ್ಲಿ ಬೈಗುಳ, ಬೆದರಿಕೆ ಸುರಿಯುತ್ತಿದ್ದುದರಿಂದ ಆ ನವೆಂಬರ್‌ನಿಂದ 89 ವರ್ಷದ ಆ ಮುದುಕಿಯ ಜೊತೆ ಸರ್ಕಾರ ಪೊಲೀಸರನ್ನು ಇಡಬೇಕಾಯಿತು. 2018ರ ಡಿಸೆಂಬರ್‌ನಲ್ಲಿ ರೋಮ್‌ನ ಒಂದು ಬೀದಿಯಲ್ಲಿ, ಸತ್ತವರ ಮನೆ ಮುಂದೆ ಅವರ ಹೆಸರು ಕೆತ್ತಿ ನೆಲದಲ್ಲಿ ಕೂರಿಸಿದ್ದ 20 ಹಿತ್ತಾಳೆಯ ಪುಟ್ಟ ಕಲ್ಲುಗಳನ್ನು ಯಾರೋ ರಾತ್ರಿ ಕಿತ್ತು ಒಯ್ದರು. ಒಂದೇ ಕುಟುಂಬದ ಇಪ್ಪತ್ತು ಹೆಸರುಗಳು.

2020ರ ಜನವರಿಯಲ್ಲಿ ವೆರೋನಾ ನಗರಸಭೆ ಸೆಗ್ರೆ ಅವರಿಗೆ ಗೌರವ ನಾಗರಿಕತ್ವ ಕೊಡಲು ಒಪ್ಪಿತು. ಯಹೂದಿಗಳು ಪರದೇಶಿಗಳು ಎಂಬ ಘೋಷಣೆ ಹೊರಟ ಊರೇ ಇದು. ಕೆಲವೇ ದಿನಗಳ ಅಂತರದಲ್ಲಿ ಅದೇ ನಗರಸಭೆ ಇನ್ನೊಂದು ನಿರ್ಣಯಕ್ಕೂ ಒಪ್ಪಿಗೆ ಕೊಟ್ಟಿತು. ಒಂದು ಬೀದಿಗೆ ಆಲ್ಮಿರಾಂತೆಯ ಹೆಸರಿಡುವ ನಿರ್ಣಯ. ಸುದ್ದಿ ಕೇಳಿದ ಸೆಗ್ರೆ, ಇವೆರಡೂ ಒಟ್ಟಿಗೆ ಇರಲಾರವು ಎಂದರು. ಯಾವುದು ಬೇಕೆಂದು ವೆರೋನಾ ತೀರ್ಮಾನಿಸಲಿ ಎಂದು ಕೇಳಿದರು.